ನಲವತ್ತರ ನಂತರದ ಜಾಸ್ತಿ ಮುಟ್ಟು: ಮಾತ್ರೆಯೋ, ಹಾರ್ಮೋನ್ ವಂಕಿಯೋ, ಗರ್ಭಚೀಲ ತೆಗೆಸುವುದೋ?

ನನಗೆ ಆಗ 44. ಯಾರ ಮದುವೆಗೆ ಹೋದರೂ ಕಡು ಬಣ್ಣದ ಸೀರೆಯೇ. ಊಟದಿಂದ ಎದ್ದ ಕೂಡಲೇ ಹಿಂದೆ ತಿರುಗಿ ಕುರ್ಚಿ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡರೂ ಗಂಟೆಗೊಮ್ಮೆ ಬಚ್ಚಲಿಗೆ ಓಡಬೇಕಿತ್ತು. "ನಿಲ್ಲೋ ಮುಂಚೆ ಎಲ್ಲರಿಗೂ ಹೀಗೇ ಕಣೆ, ತಡ್ಕೋ" ಅಂದಳು ಅಕ್ಕ. ಆರು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ಮಹಡಿ ಹತ್ತಿದರೂ ಎದೆ ಡವಡವ ಅನ್ನತೊಡಗಿತು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು.

ಮೊದಲು ಹೋದ ಕಡೆ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಹತ್ತು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. "ಗರ್ಭಚೀಲ ದಪ್ಪ ಆಗಿದೆ, ಸಣ್ಣ ಗಡ್ಡೆ ಇದೆ. ಮಕ್ಕಳಾಗಿವೆಯಲ್ಲ, ಇನ್ಯಾಕಮ್ಮ ಅದು? ತೆಗೆಸಿಬಿಡಿ." ಆಪರೇಷನ್‌ಗೆ ದಿನವನ್ನೂ ಕೊಟ್ಟರು. ಬೇರೆ ದಾರಿ ಇದೆ ಎಂದು ಯಾರೂ ಹೇಳಲಿಲ್ಲ. ಮನಸ್ಸು ಒಪ್ಪದೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಚೀಟಿಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಐದು ದಾರಿ ಬರೆದರು. ಗರ್ಭಚೀಲ ತೆಗೆಸುವುದು ಐದನೆಯದಾಗಿತ್ತು. ನನಗೆ ಮೂರನೆಯದರಲ್ಲೇ ಕೆಲಸವಾಯಿತು.

ಆ ಐದು ದಾರಿಗಳನ್ನೇ ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ನಾನು ಡಾಕ್ಟರಲ್ಲ. ನಿಮ್ಮ ಮೈಗೆ ಯಾವುದು ಹೊಂದುತ್ತದೆ ಎಂದು ಹೇಳಬೇಕಾದವರು ನಿಮ್ಮನ್ನು ಪರೀಕ್ಷೆ ಮಾಡಿದವರೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದಾದರೂ ನಮಗೆ ಗೊತ್ತಿರಬೇಕು, ಅಲ್ವಾ?

ಮೈಯೊಳಗೆ ಆಗುತ್ತಿರುವುದು

ನಮ್ಮ ದೇಶದ ಹೆಂಗಸರಿಗೆ ಮುಟ್ಟು ಪೂರ್ತಿ ನಿಲ್ಲುವುದು ಸರಾಸರಿ 46-47ರ ಹೊತ್ತಿಗೆ. ಪಶ್ಚಿಮದ ದೇಶಗಳಲ್ಲಿ ಇದು 51ರ ಸುಮಾರು. ನಿಲ್ಲುವುದಕ್ಕೆ ಮೊದಲಿನ ಏರುಪೇರಿನ ಕಾಲ ಸಾಮಾನ್ಯವಾಗಿ ನಾಲ್ಕು ವರ್ಷ. ಕೆಲವರಿಗೆ ಎಂಟು, ಹತ್ತು ವರ್ಷವೂ ಹೋಗುತ್ತದೆ. ಅಂದರೆ ನಲವತ್ತಕ್ಕೇ, ಕೆಲವರಿಗೆ ಅದಕ್ಕೂ ಮೊದಲೇ ಶುರುವಾದರೆ ಅದೇನೂ ವಿಚಿತ್ರವಲ್ಲ.

ಈ ಕಾಲದಲ್ಲಿ ಪ್ರತಿ ತಿಂಗಳೂ ಅಂಡಾಣು ಬಿಡುಗಡೆ ಆಗುವುದಿಲ್ಲ. ಅದು ಆಗದ ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಹುಟ್ಟುವುದಿಲ್ಲ. ಈಸ್ಟ್ರೋಜನ್ ಮಾತ್ರ ಇರುತ್ತದೆ. ಈಸ್ಟ್ರೋಜನ್ ಗರ್ಭಚೀಲದ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಅದನ್ನು ತಡೆದು ನಿಲ್ಲಿಸಬೇಕಾದ್ದು ಪ್ರೊಜೆಸ್ಟರಾನ್. ಅದು ಇಲ್ಲದೆ ಪದರ ದಪ್ಪವಾಗಿ, ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆಲೇ ಕಳಚಿಕೊಂಡು ಬರುತ್ತದೆ. ಮುಟ್ಟು ತಡವಾಗಿ ಬಂದು, ಬಂದಾಗ ಸುರಿಯುವುದು ಇದಕ್ಕೇ. ಮುಂದೆ ಹೇಳುವ ಚಿಕಿತ್ಸೆಗಳಲ್ಲಿ ಅರ್ಧದಷ್ಟು, ಕೊರತೆಯಾದ ಆ ಪ್ರೊಜೆಸ್ಟರಾನ್ ಕೆಲಸವನ್ನು ಹೊರಗಿನಿಂದ ಮಾಡುವಂಥವು. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಎಷ್ಟು ಹೋದರೆ ಜಾಸ್ತಿ? ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೋಯುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುವುದು, ಏಳು ದಿನ ದಾಟುವುದು, ರಾತ್ರಿ ಎದ್ದು ಬದಲಾಯಿಸಬೇಕಾಗುವುದು. ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಹತ್ತಿರ ಹೋಗಿ. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಹೋದರೆ, ಕಣ್ಣು ಕತ್ತಲೆ ಬಂದರೆ, ಬೆಳಗಿನವರೆಗೂ ಕಾಯಬೇಡಿ.

ಯಾವ ದಾರಿ ಎನ್ನುವ ಮೊದಲು ಪರೀಕ್ಷೆ

ಇದನ್ನು ಬಿಟ್ಟು ನೇರ ಚಿಕಿತ್ಸೆಗೆ ಹೋಗುವವರೇ ಜಾಸ್ತಿ. ಬೇಕಾದವು ಇಷ್ಟು: ಹಿಮೋಗ್ಲೋಬಿನ್, ಅದರ ಜೊತೆಗೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ. ಥೈರಾಯ್ಡ್. ಗರ್ಭ ನಿಂತಿದೆಯೇ ಎಂಬ ಪರೀಕ್ಷೆ. ನಗಬೇಡಿ, ಈ ವಯಸ್ಸಿನಲ್ಲೂ ಬಸಿರಾಗುತ್ತಾರೆ. ಆಮೇಲೆ ಒಳಗಿನಿಂದ ಮಾಡುವ ಸ್ಕ್ಯಾನಿಂಗ್. 45 ದಾಟಿದವರಿಗೆ, ಮತ್ತು ಅದಕ್ಕಿಂತ ಚಿಕ್ಕವರಾದರೂ ಅತಿ ತೂಕ, ಸಕ್ಕರೆ ಕಾಯಿಲೆ, ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಇರುವವರಿಗೆ ಒಳಪದರದ ಬಯಾಪ್ಸಿ. ತೆಳ್ಳಗಿನ ನಳಿಕೆ ಹಾಕಿ ಚೂರು ಪದರ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಎಷ್ಟೋ ಕಡೆ ಅರಿವಳಿಕೆಯೂ ಇಲ್ಲದೆ, ಹೋದ ದಿನವೇ ಮುಗಿಯುತ್ತದೆ. ಒಂದೆರಡು ನಿಮಿಷ ಜೋರಾಗಿ ಹೊಟ್ಟೆ ಹಿಂಡುತ್ತದೆ, ನಿಜ. ಆದರೆ ಕ್ಯಾನ್ಸರ್ ಇಲ್ಲ ಎಂದು ಗೊತ್ತಾದ ಮೇಲೆ ಉಳಿದ ಎಲ್ಲ ದಾರಿಗಳೂ ನಿಮಗೆ ತೆರೆಯುತ್ತವೆ. ಗರ್ಭಚೀಲದ ಬಾಯಿಯ ಪರೀಕ್ಷೆ, ಅಂದರೆ ಪ್ಯಾಪ್ ಸ್ಮಿಯರ್, ಬೇರೆ. ಅದನ್ನೂ ಅದೇ ಸಲ ಮಾಡಿಸಿಕೊಂಡರೆ ಇನ್ನೊಮ್ಮೆ ಓಡಾಟ ತಪ್ಪುತ್ತದೆ.

ಹತ್ತು ವರ್ಷದ ಹಿಂದೆ ಹಾಕಿಸಿದ ಕಾಪರ್ ಟಿ ಇನ್ನೂ ಒಳಗೇ ಇದೆಯಾ, ನೆನಪು ಮಾಡಿಕೊಳ್ಳಿ. ಅದೇ ಜಾಸ್ತಿ ರಕ್ತಕ್ಕೆ ಕಾರಣವಾಗಿರಬಹುದು. ಪಾಲಿಪ್ ಎಂಬ ಸಣ್ಣ ಬೆಳವಣಿಗೆ ಕಂಡರೆ ದುರ್ಬೀನು ಹಾಕಿ ಅದನ್ನಷ್ಟೇ ತೆಗೆಯುತ್ತಾರೆ. ಎಷ್ಟೋ ಜನರಿಗೆ ಅಲ್ಲಿಗೇ ತೊಂದರೆ ಮುಗಿಯುತ್ತದೆ.

ಹಾರ್ಮೋನ್ ಮಟ್ಟ ನೋಡಲು ಎಫ್‌ಎಸ್‌ಎಚ್ ಪರೀಕ್ಷೆ ಬೇಕೇ? 45 ದಾಟಿದವರಿಗೆ ಸಾಮಾನ್ಯವಾಗಿ ಬೇಡ. ಈ ಕಾಲದಲ್ಲಿ ಅದು ಇವತ್ತೊಂದು, ನಾಳೆ ಇನ್ನೊಂದು ತೋರಿಸುತ್ತದೆ.

ಒಂದು: ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಮಾತ್ರೆ

ಟ್ರಾನೆಕ್ಸಾಮಿಕ್ ಆಸಿಡ್ ಹಾರ್ಮೋನ್ ಅಲ್ಲ. ಕಟ್ಟಿಕೊಂಡ ಹೆಪ್ಪು ಕರಗದಂತೆ ತಡೆಯುತ್ತದೆ. ಜೋರಾಗಿ ಹೋಗುವ ನಾಲ್ಕೈದು ದಿನ ಮಾತ್ರ ತೆಗೆದುಕೊಳ್ಳುವುದು. ರಕ್ತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಿನಗಳು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ ಬೇಡ. ಮೆಫೆನಾಮಿಕ್ ಆಸಿಡ್ ಹೊಟ್ಟೆನೋವಿಗೂ ಆಗುತ್ತದೆ, ರಕ್ತವನ್ನೂ ಸ್ವಲ್ಪ ಇಳಿಸುತ್ತದೆ, ಆದರೆ ಟ್ರಾನೆಕ್ಸಾಮಿಕ್‌ನಷ್ಟಲ್ಲ. ಊಟವಾದ ಮೇಲೇ ನುಂಗಬೇಕು. ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ದೂರ ಇಡಬೇಕು. ಡಾಕ್ಟರು ಎರಡನ್ನೂ ಒಟ್ಟಿಗೆ ಬರೆಯುವುದೂ ಉಂಟು.

ನನ್ನ ಅಭಿಪ್ರಾಯದಲ್ಲಿ, ಪರೀಕ್ಷೆಗಳೆಲ್ಲ ಸರಿ ಬಂದು, ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಾ ಎರಡು ಮೂರು ದಿನ ಮಾತ್ರ ಜೋರಾಗಿದ್ದರೆ ಇದರಿಂದಲೇ ಶುರು ಮಾಡಬಹುದು. ತಾರೀಕು ಅಡ್ಡಾದಿಡ್ಡಿ ಆಗಿದ್ದರೆ ಇದು ಸಾಲದು. ಬುಡದಲ್ಲಿರುವ ಏರುಪೇರನ್ನು ಈ ಮಾತ್ರೆ ಮುಟ್ಟುವುದಿಲ್ಲ.

ಎರಡು: ಹಾರ್ಮೋನ್ ಮಾತ್ರೆ

ಗೃಹಪ್ರವೇಶ, ತಿರುಪತಿ ಯಾತ್ರೆ ಎಂದು ಮುಟ್ಟು ಮುಂದೂಡಲು ಮಾತ್ರೆ ನುಂಗಿದ್ದೀರಲ್ಲ, ಅದೇ ನಾರೆಥಿಸ್ಟೆರಾನ್. ಸುರಿಯುತ್ತಿರುವ ರಕ್ತವನ್ನು ಎರಡು ಮೂರು ದಿನದಲ್ಲಿ ನಿಲ್ಲಿಸಲು ಇದು ಒಳ್ಳೆಯದು. ತಿಂಗಳಿಗೆ ಮೂರು ವಾರದಂತೆ ಕೆಲವು ತಿಂಗಳು ಕೊಡುವುದೂ ಇದೆ. ಹೊಟ್ಟೆ ಉಬ್ಬರ, ಎದೆ ಭಾರ, ಕಾರಣವಿಲ್ಲದೆ ಅಳು ಬರುವುದು ಕೆಲವರಿಗೆ ಆಗುತ್ತದೆ. ಮಾತ್ರೆ ಬಿಟ್ಟ ಕೂಡಲೇ ಮುಟ್ಟಾಗುತ್ತದೆ, ಹೆದರಬೇಡಿ. ಆದರೆ ಅಂಗಡಿಯಿಂದ ನಾವೇ ತಂದು ತಿಂಗಳುಗಟ್ಟಲೆ ನುಂಗುವುದು ಮಾತ್ರ ಬೇಡ. ಒಳಗೆ ಏನಿದೆ ಎಂದು ಗೊತ್ತಾಗದೆ ಮುಚ್ಚಿಹೋಗುತ್ತದೆ.

ಎರಡೂ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ತಾರೀಕು ಸರಿಮಾಡುತ್ತದೆ, ಇದ್ದಕ್ಕಿದ್ದಂತೆ ಮೈ ಬಿಸಿ ಏರುವುದನ್ನೂ ತಗ್ಗಿಸುತ್ತದೆ. ಆದರೆ ಬಿಪಿ, ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್, ಹಿಂದೆ ಹೆಪ್ಪುಗಟ್ಟಿದ್ದು, ಧೂಮಪಾನ ಇದ್ದರೆ ಬೇಡ. ನಲವತ್ತೈದರ ಸುತ್ತ ನಮ್ಮಲ್ಲಿ ಬಿಪಿ ಇಲ್ಲದವರು ಎಷ್ಟು ಜನ? ಮಾತ್ರೆ ಬರೆಸಿಕೊಳ್ಳುವ ದಿನ ಬಿಪಿ ನೋಡಿಸಿಕೊಂಡೇ ಬನ್ನಿ.

ನಮ್ಮ ದೇಶದ್ದೇ ಒಂದು ಮಾತ್ರೆ ಇದೆ, ಆರ್ಮೆಲಾಕ್ಸಿಫೀನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಸರಕಾರಿ ಆಸ್ಪತ್ರೆಯಲ್ಲಿ 'ಛಾಯಾ' ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ಪುಕ್ಕಟೆ ಸಿಗುತ್ತದೆ. ಇದನ್ನೇ ಜಾಸ್ತಿ ರಕ್ತಕ್ಕೂ ಕೊಡುತ್ತಾರೆ: ಮೊದಲ 12 ವಾರ ವಾರಕ್ಕೆ ಎರಡು ಸಲ, ಆಮೇಲೆ 12 ವಾರ ವಾರಕ್ಕೊಮ್ಮೆ. ದಿನಾ ನುಂಗುವ ರಗಳೆ ಇಲ್ಲ. ಕೆಲವರಿಗೆ ಮುಟ್ಟು ತೀರಾ ತಡವಾಗುತ್ತದೆ. ಯಕೃತ್ತಿನ ತೊಂದರೆ ಇದ್ದವರಿಗೆ ಆಗದು. ದುಡ್ಡಿನ ಚಿಂತೆ ಇರುವವರು ಈ ಮಾತ್ರೆಯ ಬಗ್ಗೆ ಹೆಸರು ಹೇಳಿಯೇ ಡಾಕ್ಟರನ್ನು ಕೇಳಿ. ಪುಕ್ಕಟೆ ಸಿಗುತ್ತದೆಂದು ತಾವೇ ಶುರು ಮಾಡಬೇಡಿ, ಅಷ್ಟೇ.

ಮೂರು: ಹಾರ್ಮೋನ್ ವಂಕಿ

ವಂಕಿ ಅಂದರೆ ಕಾಪರ್ ಟಿಯ ಹಾಗೆ ಗರ್ಭಚೀಲದೊಳಗೆ ಕೂರಿಸುವ ಸಣ್ಣ ಸಾಧನ. ಆ ಹೆಸರು ಕೇಳಿದ ಕೂಡಲೇ ನಮ್ಮಮ್ಮ ಕೈ ಅಡ್ಡ ಮಾಡಿದರು. "ಅಯ್ಯೋ, ಅದನ್ನು ಹಾಕಿಸಿಕೊಂಡು ನಿನ್ನ ಚಿಕ್ಕಮ್ಮ ರಕ್ತ ಹೋಗಿ ಹೋಗಿ ಬಿಳುಚಿಕೊಂಡಿರಲಿಲ್ವೇನೇ?" ಅಮ್ಮನ ನೆನಪು ಸರಿಯೇ. ಆದರೆ ಚಿಕ್ಕಮ್ಮ ಹಾಕಿಸಿಕೊಂಡದ್ದು ತಾಮ್ರದ್ದು. ತಾಮ್ರದ ವಂಕಿಯಿಂದ ರಕ್ತ ಹೆಚ್ಚಾಗಬಹುದು. ಹಾರ್ಮೋನ್ ವಂಕಿ ಆಕಾರದಲ್ಲಿ ಮಾತ್ರ ಅದರ ಹಾಗೆ, ಕೆಲಸ ಪೂರ್ತಿ ತಿರುಗಮುರುಗ.

ಅದರ ಕಾಂಡದಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ಇದೂ ಪ್ರೊಜೆಸ್ಟರಾನ್ ಜಾತಿಯದೇ. ಮೊದಮೊದಲು ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ ಗರ್ಭಚೀಲದೊಳಗೇ ಜಿನುಗುತ್ತದೆ. ಬೇಕಾದ ಜಾಗಕ್ಕೇ ನೇರ ಹೋಗುವುದರಿಂದ ರಕ್ತಕ್ಕೆ ಸೇರುವುದು ಕಡಿಮೆ. ಪದರ ತೆಳ್ಳಗಾಗುತ್ತದೆ. ಆರರಿಂದ ಹನ್ನೆರಡು ತಿಂಗಳಲ್ಲಿ ರಕ್ತ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವಷ್ಟು ಒಳ್ಳೆಯ ಫಲ ಸಿಗುತ್ತದೆ. ಕೆಲವರಿಗೆ ಮುಟ್ಟೇ ನಿಂತುಹೋಗುತ್ತದೆ. ಆಗ "ಕೆಟ್ಟ ರಕ್ತ ಒಳಗೇ ಉಳಿಯಿತು" ಎಂದು ಹೆದರಬೇಕಿಲ್ಲ. ಪದರವೇ ಬೆಳೆದಿಲ್ಲ, ಉಳಿಯುವುದಕ್ಕೆ ಏನಿದೆ?

ಕಷ್ಟ ಇರುವುದು ಮೊದಲ ಮೂರರಿಂದ ಆರು ತಿಂಗಳು. ಸ್ವಲ್ಪ ಸ್ವಲ್ಪವೇ ಕಲೆ ಬೀಳುತ್ತಿರುತ್ತದೆ, ಎಷ್ಟು ದಿನ ಎಂದು ಲೆಕ್ಕವಿಲ್ಲ. ನನಗೆ ನಾಲ್ಕು ತಿಂಗಳು ಹೀಗೇ ಆಯಿತು. ಮೂರನೇ ತಿಂಗಳಲ್ಲಿ ತೆಗೆಸಿಬಿಡುತ್ತೇನೆ ಎಂದು ಹೊರಟೂ ಇದ್ದೆ. ಡಾಕ್ಟರು "ಇನ್ನೊಂದು ಮೂರು ತಿಂಗಳು ನೋಡಿ" ಅಂದರು. ತೆಗೆಸದೆ ಇದ್ದದ್ದು ಒಳ್ಳೆಯದಾಯಿತು. ಬಹಳ ಜನ ಸೋಲುವುದು ಇಲ್ಲೇ, ಏಕೆಂದರೆ ಹೀಗಾಗುತ್ತದೆ ಎಂದು ಮೊದಲೇ ಅವರಿಗೆ ಯಾರೂ ಹೇಳಿರುವುದಿಲ್ಲ.

ಒಮ್ಮೆ ಹಾಕಿಸಿದರೆ ಜಾಸ್ತಿ ರಕ್ತಕ್ಕೆ ಐದು ವರ್ಷ ಕೆಲಸ ಮಾಡುತ್ತದೆ. 44ಕ್ಕೆ ಹಾಕಿಸಿದರೆ ಎಷ್ಟೋ ಜನರಿಗೆ ಅದರ ಅವಧಿಯೊಳಗೆ ಮುಟ್ಟಿನ ಕಾಲವೇ ಮುಗಿದಿರುತ್ತದೆ. ಹಾಕಿಸುವಾಗ ಕೆಲವು ಸಾವಿರ ರೂಪಾಯಿ ಒಮ್ಮೆಲೇ ಕೊಡಬೇಕು. ನಿಜವಾದ ಅಡ್ಡಿ ಇದೇ. ಸಾಮಾನ್ಯವಾಗಿ ವಿಮೆಯವರು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುತ್ತಾರೆ. ಹೋದ ದಿನವೇ ಹಾಕಿಸಿಕೊಂಡು ಬರುವ ವಂಕಿಯ ಖರ್ಚು ನಮ್ಮ ಕೈಯಿಂದಲೇ ಹೋಗುತ್ತದೆ. ಹಾಗಾಗಿ ದೊಡ್ಡ ಆಪರೇಷನ್ನೇ ಅಗ್ಗ ಅನ್ನಿಸಿಬಿಡುತ್ತದೆ. ಆಪರೇಷನ್ ಆದ ಮೇಲೆ ಕೆಲಸಕ್ಕೆ ಹೋಗದ ಆರು ವಾರದ ಕೂಲಿಯನ್ನೂ ಆ ಲೆಕ್ಕಕ್ಕೆ ಸೇರಿಸಿ ನೋಡಿ.

ಗಡ್ಡೆಯಿಂದ ಗರ್ಭಚೀಲದ ಒಳಗಿನ ಆಕಾರವೇ ಕೆಟ್ಟಿದ್ದರೆ ವಂಕಿ ನಿಲ್ಲುವುದಿಲ್ಲ, ಜಾರಿ ಬೀಳಬಹುದು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಬೇಡ.

ನಾಲ್ಕು: ಒಳಪದರ ಸುಡುವುದು

ಬಿಸಿನೀರಿನ ಬಲೂನು ಅಥವಾ ಬೇರೆ ಶಾಖ ಕೊಟ್ಟು ಗರ್ಭಚೀಲದ ಒಳಪದರವನ್ನು ಸುಡುತ್ತಾರೆ. ಕೊಯ್ಯುವುದಿಲ್ಲ, ಸಂಜೆ ಮನೆಗೆ ಬರಬಹುದು. ಬಯಾಪ್ಸಿ ಆಗದೆ ಇದನ್ನು ಮಾಡಲೇಬಾರದು. ಆಮೇಲೆ ಬಸಿರಾದರೆ ಅಪಾಯ, ಹಾಗಾಗಿ ಮಕ್ಕಳಾಗದ ಆಪರೇಷನ್ ಮೊದಲೇ ಆದವರಿಗೆ ಹೆಚ್ಚು ಹೊಂದುತ್ತದೆ. ಕೆಲವರಿಗೆ ಕೆಲವು ವರ್ಷದ ನಂತರ ಮತ್ತೆ ರಕ್ತ ಶುರುವಾಗಿ ಗರ್ಭಚೀಲ ತೆಗೆಸಬೇಕಾಗುವುದೂ ಇದೆ. ಸಣ್ಣ ಊರುಗಳಲ್ಲಿ ಈ ಸೌಲಭ್ಯ ಸಿಗುವುದೇ ಕಷ್ಟ.

ಐದು: ಗರ್ಭಚೀಲ ತೆಗೆಸುವುದು

ಇದರ ಮೇಲೆ ನನಗೆ ಸಿಟ್ಟಿಲ್ಲ. ಬೇಕಾದವರಿಗೆ ಇದು ಜೀವ ಉಳಿಸುವ ಆಪರೇಷನ್. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಥವಾ ಕ್ಯಾನ್ಸರ್‌ಗೆ ತಿರುಗಬಹುದಾದ ಬದಲಾವಣೆ ಕಂಡರೆ, ದೊಡ್ಡ ಗಡ್ಡೆಗಳು ಮೂತ್ರಚೀಲವನ್ನೋ ಕರುಳನ್ನೋ ಒತ್ತುತ್ತಿದ್ದರೆ, ಗರ್ಭಚೀಲ ಜಾರಿ ಹೊರಬಂದಿದ್ದರೆ, ಮೇಲಿನ ದಾರಿಗಳನ್ನು ಸರಿಯಾಗಿ ನೋಡಿದ ಮೇಲೂ ರಕ್ತ ನಿಲ್ಲದಿದ್ದರೆ ಇದೇ ಸರಿ. ಸಿಟ್ಟು ಬರುವುದು ಇದನ್ನೇ ಮೊದಲ ದಾರಿ ಮಾಡಿದಾಗ.

ಹಾಗೆ ಮಾಡಿದ್ದು ನಮ್ಮ ಕಣ್ಣೆದುರೇ ಇದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೆನ್ನುನೋವು, ಬಿಳಿ ಸೆರಗು, ಹೊಟ್ಟೆನೋವು ಎಂದು ಹೋಗಿ ಗರ್ಭಚೀಲ ಕಳೆದುಕೊಂಡು ಬಂದರು. ಅವರಲ್ಲಿ ಬಹಳ ಜನ ನಲವತ್ತೂ ಆಗದವರು. ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ದೇಶದ ಬೇರೆ ಕಡೆಯ ಇಂಥದೇ ದೂರುಗಳ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಚೀಲ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು ಹೇಳಿತು. ಬಿಳಿ ಸೆರಗು ಗರ್ಭಚೀಲ ತೆಗೆಯಲು ಕಾರಣವಲ್ಲ. ಬರೀ ಬೆನ್ನುನೋವೂ ಅಲ್ಲ. "ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಎಂದು ಯಾರಾದರೂ ಅಂದರೆ, "ಬಯಾಪ್ಸಿ ರಿಪೋರ್ಟ್ ತೋರಿಸಿ" ಎಂದು ಕೇಳಿ. ಸಾಮಾನ್ಯ ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಆಗುವುದು ಬಲು ಅಪರೂಪ.

ಆಪರೇಷನ್ ಬೇಕೇ ಬೇಕು ಎಂದಾದರೆ ಎರಡು ಮಾತು ಮೊದಲೇ ಬಿಡಿಸಿಕೊಳ್ಳಿ. ಅಂಡಾಶಯ ಉಳಿಸುತ್ತೀರಾ ಎಂಬುದು ಒಂದು. ಅದನ್ನೂ ತೆಗೆದರೆ ಮರುದಿನದಿಂದಲೇ ಈಸ್ಟ್ರೋಜನ್ ಬಿದ್ದುಹೋಗುತ್ತದೆ. ಬಿಸಿ, ಬೆವರು, ನಿದ್ದೆಗೇಡು ಒಮ್ಮೆಲೇ ಬರುತ್ತವೆ. ಚಿಕ್ಕ ವಯಸ್ಸಿನವರಾದರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಉಳಿಸಿದರೂ ಅದರ ಕೆಲಸ ಒಂದೆರಡು ವರ್ಷ ಮೊದಲೇ ನಿಲ್ಲಬಹುದು. ಎರಡನೆಯದು, ಹೊಟ್ಟೆ ಕೊಯ್ದೋ, ಕೆಳಗಿನಿಂದಲೋ, ಲ್ಯಾಪ್ರೊಸ್ಕೋಪಿಯಲ್ಲೋ? ಹೊಟ್ಟೆ ಕೊಯ್ಯದಿದ್ದರೆ ಬೇಗ ಚೇತರಿಸುತ್ತೀರಿ. ಹೇಗೇ ಮಾಡಿದರೂ ಆರು ವಾರ ಭಾರ ಎತ್ತುವಂತಿಲ್ಲ. ಕೊಡ, ಹುಲ್ಲಿನ ಹೊರೆ, ಹಾಲಿನ ಕ್ಯಾನು ಯಾವುದೂ. ಮನೆಯಲ್ಲಿ ಅದನ್ನೆಲ್ಲ ಯಾರು ಎತ್ತುತ್ತಾರೆ ಎಂದು ಆಸ್ಪತ್ರೆಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ.

ನಿಮ್ಮ ಪರಿಸ್ಥಿತಿ ಯಾವುದು?

ಪರೀಕ್ಷೆ ಎಲ್ಲ ಸರಿ ಇದ್ದು, ವಯಸ್ಸು 49, ಮುಟ್ಟು ಆಗಲೇ ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ ಮಾತ್ರೆಯಲ್ಲೇ ದಿನ ದೂಡಬಹುದು. 42 ಆಗಿದ್ದು ತಿಂಗಳೂ ಸುರಿಯುತ್ತಿದ್ದರೆ ಮುಂದಿನ ದಾರಿ ಉದ್ದ, ವಂಕಿ ಲೇಸು. ಒಳಗೆ ಏನನ್ನೂ ಹಾಕಿಸಿಕೊಳ್ಳಲು ಮನಸ್ಸಿಲ್ಲ ಎಂದರೆ ಆರ್ಮೆಲಾಕ್ಸಿಫೀನ್ ಅಥವಾ ಪ್ರೊಜೆಸ್ಟರಾನ್ ಮಾತ್ರೆ. ದೊಡ್ಡ ಗಡ್ಡೆ ಇದ್ದರೆ ಗಡ್ಡೆಯನ್ನಷ್ಟೇ ತೆಗೆಯಲು ಆಗುತ್ತದಾ, ಅದಕ್ಕೆ ಹೋಗುವ ರಕ್ತನಾಳ ಮುಚ್ಚಲು ಆಗುತ್ತದಾ ಎಂದು ಮೊದಲು ಕೇಳಿ.

ಯಾವ ದಾರಿ ಹಿಡಿದರೂ ಕಬ್ಬಿಣಾಂಶವನ್ನು ಮರೆಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರೊಳಗಿನ ಭಾರತದ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇತ್ತು. ರಕ್ತ ನಿಂತರೆ ಸುಸ್ತು ತಾನಾಗಿ ಹೋಗುವುದಿಲ್ಲ, ಖಾಲಿಯಾದ ಕಣಜ ತುಂಬಬೇಕು. ಬೆಲ್ಲ, ಖರ್ಜೂರ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ 8ಕ್ಕೆ ಇಳಿದ ಹಿಮೋಗ್ಲೋಬಿನ್ ಅದರಿಂದ ಏರುವುದಿಲ್ಲ. ಮಾತ್ರೆಯೇ ಬೇಕು, ಸಾಲದಿದ್ದರೆ ನರದ ಮೂಲಕ ಕೊಡುವ ಕಬ್ಬಿಣಾಂಶದ ಡ್ರಿಪ್. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ ತಿನ್ನಿ, ಅದರಲ್ಲಿರುವ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

ಬಿಸಿ ಏರುವುದೂ ಜೊತೆಗಿದ್ದರೆ

ರಾತ್ರಿ ಮೈ ಕಾದು, ಬೆವರಿ, ಹೊದಿಕೆ ಒದೆದು ಎಚ್ಚರವಾಗುತ್ತಿದ್ದರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಈಸ್ಟ್ರೋಜನ್. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹಾರ್ಮೋನ್ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂದಿತು, ಜಗತ್ತೇ ಹೆದರಿತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. 60ರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಲಾಭವೇ ಹೆಚ್ಚು ಎಂಬುದು ಇವತ್ತಿನ ತಿಳಿವಳಿಕೆ. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಚೀಲ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಹಾರ್ಮೋನ್ ವಂಕಿ ಹಾಕಿಸಿದ್ದರೆ ಆ ಕೆಲಸವನ್ನೂ ಅದೇ ಮಾಡುತ್ತದೆ. ನಾನು ಈಗ ಜೆಲ್ ಹಚ್ಚಿಕೊಳ್ಳುತ್ತೇನೆ, ಬೇರೆ ಮಾತ್ರೆ ಇಲ್ಲ.

ಹಾರ್ಮೋನ್ ಆಗದವರಿಗೆ ವೆನ್‌ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಮಾತ್ರೆಗಳಿವೆ. ವೆನ್‌ಲಾಫ್ಯಾಕ್ಸಿನ್ ಮನಸ್ಸಿನ ಕಾಯಿಲೆಗೂ ಕೊಡುವಂಥದ್ದು. ಚೀಟಿ ಓದಿ ಗಾಬರಿಯಾಗಬೇಡಿ.

ಮೇಲೆ ಹೇಳಿದ ಚಿಕಿತ್ಸೆಗಳೆಲ್ಲವೂ ಗರ್ಭ ನಿಲ್ಲದಂತೆ ತಡೆಯುತ್ತವೆ ಎಂದುಕೊಳ್ಳಬೇಡಿ, ಕೆಲವು ಮಾತ್ರ ತಡೆಯುತ್ತವೆ. ಈಸ್ಟ್ರೋಜನ್ ಜೆಲ್ ಗರ್ಭನಿರೋಧಕವಲ್ಲ. 50ರ ಒಳಗೆ ಮುಟ್ಟು ನಿಂತರೆ ಎರಡು ವರ್ಷ, 50ರ ಮೇಲೆ ನಿಂತರೆ ಒಂದು ವರ್ಷ ಎಚ್ಚರಿಕೆ ಬೇಕು. ಮತ್ತೆ, ಹನ್ನೆರಡು ತಿಂಗಳು ಪೂರ್ತಿ ಮುಟ್ಟಿಲ್ಲದೆ ಕಳೆದು, ಆಮೇಲೆ ಒಂದು ದಿನ ಒಂದು ತೊಟ್ಟು ರಕ್ತ ಕಂಡರೂ "ಹಳೇದು ವಾಪಸ್ ಬಂತು" ಎಂದು ಸುಮ್ನೆ ಕೂರಬೇಡಿ. ಅದೇ ವಾರ ಹೋಗಿ ತೋರಿಸಿ.